ಸರಸ್ವತೀ ಭಂಡಾರದ ದತ್ತಿ

ಕಲಬುರಗಿಯ ಸೀಮೆಗೆ ಗಣಿತವು ಹೊರನಾಡಿನಿಂದ ಬಂದ ಅತಿಥಿಯಲ್ಲ. ಕ್ರಿ.ಶ. 850ರ ಸುಮಾರಿಗೆ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ತನ್ನ ಗ್ರಂಥದಲ್ಲಿ ಸ್ತುತಿಸಿದ ಅಮೋಘವರ್ಷ ನೃಪತುಂಗನ ರಾಜಧಾನಿಯಾದ ಮಾನ್ಯಖೇಟವು, ಇಂದು ಮಳಖೇಡವೆಂಬ ಹೆಸರಿನಿಂದ, ಕಾಗಿಣಾ ನದಿಯ ದಡದಲ್ಲಿ ಇದೇ ಜಿಲ್ಲೆಯೊಳಗಿದೆ. ಅಲ್ಲಿಂದ ಬಹುದೂರವಲ್ಲದ ಚಿತ್ತಾಪುರದ ಸಮೀಪದ ನಾಗಾವಿಯಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಒಂದು ಘಟಿಕಾಸ್ಥಾನವಿತ್ತು. 1058ರ ಶಾಸನವು ಆ ವಿದ್ಯಾಸ್ಥಾನದ ಛಾತ್ರರನ್ನೂ ಉಪಾಧ್ಯಾಯರನ್ನೂ ಹೇಳಿ, ಅವರೊಡನೆ ಗ್ರಂಥಗಳನ್ನು ಕಾಯುತ್ತಿದ್ದ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಮರೆಯದೆ ಹೆಸರಿಸುತ್ತದೆ. ಕಲಿಸುವವನಿಗೆ ಮಾತ್ರವಲ್ಲದೆ ಕಲಿಕೆಯ ಸಾಧನಗಳನ್ನು ಕಾಪಾಡುವವನಿಗೂ ಜೀವನೋಪಾಯ ಕಲ್ಪಿಸಬೇಕೆಂಬ ಆ ವಿವೇಕವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಗೌರವದಿಂದ ಬಾಗುತ್ತದೆ. ಆದರೆ ಆ ಬಾಗಿಲು ಉಳುವವನ ಮಗನಿಗೂ, ಯಾರ ಮಗಳಿಗೂ ತೆರೆದಿರಲಿಲ್ಲವೆಂಬುದನ್ನೂ ಹೇಳದಿರಲಾರೆ.

ಮುಂದೆ ಕಲಬುರಗಿಯನ್ನಾಳಿದ ಬಹಮನಿ ಸುಲ್ತಾನ ಫಿರೋಜ್ ಶಹನು (1397–1422) ರೇಖಾಗಣಿತದಲ್ಲಿ ಆಸಕ್ತನಾಗಿದ್ದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಆತನು 1407ರಲ್ಲಿ ದೌಲತಾಬಾದಿನ ಬಳಿ ಆರಂಭಿಸಿದ ವೀಕ್ಷಣಾಲಯವು, ಅದರ ಹೊಣೆ ಹೊತ್ತ ಜ್ಯೋತಿರ್ವಿದನು ತೀರಿಕೊಂಡುದರಿಂದ, ಅಪೂರ್ಣವಾಗಿಯೇ ಉಳಿಯಿತು. ಒಬ್ಬನನ್ನೇ ನೆಚ್ಚಿ ನಿಂತ ವಿದ್ಯೆಯು ಅವನೊಡನೆಯೇ ಅಳಿಯಿತು.

ನಿಜಾಮರ ಆಳ್ವಿಕೆಯಲ್ಲಿ ಬಂದ ತೊಡಕು ಬೇರೆ ಬಗೆಯದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಭೌತಶಾಸ್ತ್ರವನ್ನೂ ವೈದ್ಯವನ್ನೂ ಉರ್ದುವಿನಲ್ಲಿ ಬೋಧಿಸಲು ಹೊರಟು, ಅದಕ್ಕೆಂದೇ ಭಾಷಾಂತರ ಸಂಸ್ಥೆಯೊಂದರ ಮೂಲಕ ಗ್ರಂಥಗಳನ್ನು ಸಿದ್ಧಪಡಿಸಿತು. ದೇಶಭಾಷೆಯೊಂದು ವಿಜ್ಞಾನವನ್ನು ಹೊರಬಲ್ಲುದೆಂದು ತೋರಿದ ಆ ಸಾಹಸವು ನಿಶ್ಚಯವಾಗಿಯೂ ಸ್ತುತ್ಯವೇ. ಆದರೂ ಮನೆಯಲ್ಲಿ ಕನ್ನಡದಲ್ಲಿ ಎಣಿಕೆ ಕಲಿತ ಹುಡುಗನು ಆ ವಿದ್ಯೆಯನ್ನು ಮುಟ್ಟುವ ಮೊದಲು ಇನ್ನೊಂದು ಭಾಷೆಯ ಹೊಸ್ತಿಲನ್ನು ದಾಟಬೇಕಾಗಿತ್ತು. ಇಂಥ ಕಾಲದಲ್ಲಿ ಕಲಬುರಗಿಯಲ್ಲಿ, 1907ರಲ್ಲಿ ಹುಟ್ಟಿದ ನೂತನ ವಿದ್ಯಾಲಯವೂ, 1934ರಲ್ಲಿ ದೊಡ್ಡಪ್ಪ ಅಪ್ಪನವರು ಆರಂಭಿಸಿದ ಶರಣಬಸವೇಶ್ವರ ವಿದ್ಯಾವರ್ಧಕ ಸಂಘವೂ ಜನರ ಔದಾರ್ಯದ ಬಲದಿಂದಲೇ ಬೆಳೆದುವು.

1948ರಲ್ಲಿ ವಿಮೋಚನೆ, 1956ರಲ್ಲಿ ಏಕೀಕರಣ. 1958ರಲ್ಲಿ ಇಂಜಿನಿಯರಿಂಗ್ ಕಾಲೇಜು, 1963ರಲ್ಲಿ ವೈದ್ಯಕೀಯ ಕಾಲೇಜು, 1980ರಲ್ಲಿ ವಿಶ್ವವಿದ್ಯಾಲಯ, 1984ರಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ: ಇವೆಲ್ಲವೂ ಬಂದುವು, ಬಂದುದು ನಗರಕ್ಕೆ. ಹುಮನಾಬಾದಿನ ಹಾದಿಯಲ್ಲಿರುವ ಕಮಲಾಪುರವು, ತನ್ನ ಕೆಂಪು ಬಾಳೆಯಿಂದ ದೂರದೂರದವರೆಗೆ ಹೆಸರಾಗಿದ್ದರೂ, ತಾಲೂಕೆನಿಸಿಕೊಂಡುದು 2018ರಲ್ಲಿ. ಅತ್ಯಂತ ಹಿಂದುಳಿದವೆಂದು ನಂಜುಂಡಪ್ಪ ಸಮಿತಿಯು 2002ರಲ್ಲಿ ಗುರುತಿಸಿದ 39 ತಾಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಆಗಿದ್ದರೆ ಈ ಜಿಲ್ಲೆಯದು ಶೇ. 64.85; ಹೆಣ್ಣುಮಕ್ಕಳದು ಅದಕ್ಕೂ ಕಡಿಮೆ. ಈ ಅಂತರವನ್ನು ತುಂಬಲೆಂದೇ ಸಂವಿಧಾನದ 371(ಜೆ) ವಿಧಿ ಬಂದಿತು, ಪ್ರದೇಶಾಭಿವೃದ್ಧಿ ಮಂಡಳಿ ಬಂದಿತು, ಅನುದಾನವೂ ಬಂದಿತು.

ಆ ಅನುದಾನದಲ್ಲಿ ಹಳ್ಳಿಯ ಸಾಲಿಯ ಪ್ರಯೋಗಶಾಲೆಗೆ ಪ್ರತ್ಯೇಕವಾದ, ಪ್ರತಿವರ್ಷವೂ ತಪ್ಪದ ಪಾಲೊಂದಿರಬೇಕೆಂಬುದು ನನ್ನ ಬೇಡಿಕೆ. ಕಟ್ಟಡವೊಂದನ್ನು ಕಟ್ಟಿ ಕೈತೊಳೆದುಕೊಂಡರೆ ಸಾಲದು: ಹಿಂದೊಮ್ಮೆ ನಾನು ಹೋಗಿದ್ದ ಊರೊಂದರ ಶಾಲೆಯಲ್ಲಿ ಗಾಜಿನ ನಳಿಕೆಗಳೂ ಸೂಕ್ಷ್ಮದರ್ಶಕವೂ ಕಪಾಟಿನೊಳಗೆ ಧೂಳು ಹಿಡಿದು ಕುಳಿತಿದ್ದುವು, ಒಡೆದರೆ ಮತ್ತೆ ಕೊಳ್ಳಲು ಹಣವಿಲ್ಲವೆಂಬ ಭಯದಿಂದ ಮಾಸ್ತರರು ಬೀಗ ತೆಗೆಯುತ್ತಿರಲಿಲ್ಲ, ಮಕ್ಕಳು ಕಿಟಕಿಯಿಂದ ಇಣುಕುತ್ತಿದ್ದರು. ಆ ಮಾಸ್ತರರನ್ನು ದೂಷಿಸಲು ನನಗೆ ಮನಸ್ಸಾಗಲಿಲ್ಲ. ಒಡೆದುದನ್ನು ಮತ್ತೆ ಕೊಳ್ಳುವಷ್ಟು ಹಣ, ಗಣಿತಕ್ಕೂ ವಿಜ್ಞಾನಕ್ಕೂ ಬೇರೆ ಬೇರೆ ಶಿಕ್ಷಕರು, ನಾಗಾವಿಯ ಭಂಡಾರಿಗನಂತೆ ಸಲಕರಣೆಗಳನ್ನು ನೋಡಿಕೊಳ್ಳುವ ಒಬ್ಬ ಸಹಾಯಕ — ಇಷ್ಟು ದೊರೆತರೆ ಕಮಲಾಪುರದ ತೋಟದ ಮನೆಯ ಹುಡುಗಿಯು, ತನ್ನ ತಂದೆ ಬೆಳೆದ ಬಾಳೆಯ ಸಿಪ್ಪೆಗೆ ಆ ಕೆಂಪು ಎಲ್ಲಿಂದ ಬಂದಿತೆಂಬುದನ್ನು, ತನ್ನ ಸಾಲಿಯ ಮೇಜಿನ ಮೇಲೆಯೇ, ತನ್ನ ಕಣ್ಣಿನಿಂದಲೇ, ಸೂಕ್ಷ್ಮದರ್ಶಕದಲ್ಲಿ ನೋಡುವಳು.