ಶೆಟ್ರು ಅಂದ್ರೆ ಯಾವ ಶೆಟ್ರು? ಅರಿವಳಿಕೆ ಕೋಣೆಯ ಒಂದು ಪ್ರಶ್ನೆಯ ಚರಿತ್ರೆ

ಬನ್ನಂಜೆಯ ಬಸ್ ನಿಲ್ದಾಣದಲ್ಲಿ ನಿಂತು ‘ಶೆಟ್ರೇ’ ಅಂತ ಕರೆದರೆ ನಾಲ್ಕು ಜನ ತಿರುಗಿ ನೋಡ್ತಾರೆ. ಅವರಲ್ಲಿ ಹೆಚ್ಚಿನವರು ಬಂಟರು. ಘಟ್ಟ ಹತ್ತಿ ತುಮಕೂರು, ಚಿತ್ರದುರ್ಗದ ಕಡೆ ಹೋದರೆ ಶೆಟ್ರು ಅಂದ್ರೆ ಸಾಮಾನ್ಯವಾಗಿ ಆರ್ಯವೈಶ್ಯರು. ಹೆಸರು ಒಂದೇ, ಸಮುದಾಯ ಬೇರೆ. ಆಪರೇಷನ್ ಥಿಯೇಟರಿನಲ್ಲಿ ಈ ವ್ಯತ್ಯಾಸ ಯಾಕೆ ಮುಖ್ಯ ಅನ್ನೋದೇ ಇವತ್ತಿನ ವಿಷಯ.

1951ರ ಸುಮಾರಿಗೆ ಯುರೋಪಿನ ಅರಿವಳಿಕೆ ತಜ್ಞರು ಸಕ್ಸಿನೈಲ್‌ಕೋಲಿನ್ ಅನ್ನೋ ಔಷಧ ಬಳಸತೊಡಗಿದರು. ನಮ್ಮಲ್ಲಿ ಇದನ್ನು ಸ್ಕೋಲಿನ್ ಅಂತಲೂ ಕರೀತಾರೆ. ಚುಚ್ಚಿದ ಒಂದು ನಿಮಿಷದಲ್ಲಿ ಸ್ನಾಯುಗಳೆಲ್ಲ ಸಡಿಲ; ಗಂಟಲಿಗೆ ಉಸಿರಾಟದ ಕೊಳವೆ ಇಳಿಸೋದು ಸುಲಭ. ರಕ್ತದಲ್ಲಿರುವ ಒಂದು ಕಿಣ್ವ ಈ ಔಷಧವನ್ನು ಬೇಗ ಒಡೆದುಹಾಕುತ್ತೆ. ಹತ್ತು ನಿಮಿಷದೊಳಗೆ ಸ್ನಾಯುಗಳಿಗೆ ಮತ್ತೆ ಬಲ ಬರುತ್ತೆ.

ಆದರೆ ಕೆಲವರಿಗೆ ಗಂಟೆಗಟ್ಟಲೆ ಉಸಿರು ಮರಳುತ್ತಿರಲಿಲ್ಲ. ಟೊರಾಂಟೊದ ವರ್ನರ್ ಕ್ಯಾಲೊ ಇದರ ಬೆನ್ನು ಹತ್ತಿ, 1957ರಲ್ಲಿ ಈ ಕಿಣ್ವದ ದೋಷ ಪತ್ತೆಮಾಡುವ ರಕ್ತಪರೀಕ್ಷೆ ರೂಪಿಸಿದರು. ದೋಷ ವಂಶದಲ್ಲಿ ಬರುವಂಥದ್ದು. 1959ರಲ್ಲಿ ಜರ್ಮನಿಯ ಫ್ರೀಡ್ರಿಶ್ ಫೋಗೆಲ್ ಇಂಥ ಅಧ್ಯಯನಕ್ಕೆ ‘ಫಾರ್ಮಕೊಜೆನೆಟಿಕ್ಸ್’ ಅಂತ ಹೆಸರಿಟ್ಟರು.

1979ರಲ್ಲಿ ಆಂಧ್ರದ ವೈಶ್ಯರಲ್ಲಿ ಈ ಕಿಣ್ವದ ಕೊರತೆ ಹೆಚ್ಚು ಅನ್ನೋ ವರದಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಗೆ ಮುಂಚೆ ‘ನೀವು ವೈಶ್ಯರಾ?’ ಅಂತ ಕೇಳುವ ರೂಢಿ ದಕ್ಷಿಣದ ವೈದ್ಯರಲ್ಲಿ ಬೆಳೆಯಿತು. 2006ರಲ್ಲಿ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಸಂಶೋಧಕರು ವಿದೇಶಿ ಸಂಗಡಿಗರ ಜೊತೆ ಸೇರಿ ಮೂಲ ಹುಡುಕಿದರು: ಕಿಣ್ವದ ಸರಪಳಿಯ 307ನೇ ಕೊಂಡಿಯಲ್ಲಿ ಲ್ಯೂಸಿನ್ ಇರಬೇಕಾದ ಕಡೆ ಪ್ರೋಲಿನ್ ಇದೆ. ಅಪ್ಪ, ಅಮ್ಮ ಇಬ್ಬರಿಂದಲೂ ಈ ಬದಲಾವಣೆ ಬಂದರೆ ಕಿಣ್ವ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಉಳಿದಂತೆ ಮನುಷ್ಯ ಗಟ್ಟಿಮುಟ್ಟಾಗೇ ಇರ್ತಾನೆ. ಸ್ಕೋಲಿನ್ ಕೊಡುವ ತನಕ ಯಾರಿಗೂ ಗೊತ್ತಾಗೋದಿಲ್ಲ.

ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡ್ ವಿಜ್ಞಾನಿಗಳು ಕಾರಣವನ್ನೂ ತೋರಿಸಿದರು. ಸಣ್ಣ ಗುಂಪೊಂದು ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ತನ್ನೊಳಗೇ ಮದುವೆ ಮಾಡಿಕೊಂಡು ಬಂದಾಗ, ಯಾವನೋ ಒಬ್ಬ ಪೂರ್ವಜನ ಬದಲಾವಣೆ ನೂರಾರು ಮನೆಗಳಿಗೆ ಹಂಚಿಹೋಗುತ್ತೆ. ಇಂಥದ್ದು ಯಾವ ಜಾತಿಯಲ್ಲೂ ಆಗಬಹುದು. ಇದರಲ್ಲಿ ಮೇಲು ಕೀಳಿನ ಮಾತಿಲ್ಲ.

ಈಗ ನಮ್ಮೂರಿಗೆ ಬರೋಣ. 1953ರಲ್ಲಿ ಶುರುವಾದ ಮಣಿಪಾಲದ ಕೆಎಂಸಿಗೆ ಕರಾವಳಿಯವರೂ ಬರ್ತಾರೆ, ಘಟ್ಟದ ಮೇಲಿನವರೂ ಬರ್ತಾರೆ. ಕೇಸ್ ಶೀಟಿನಲ್ಲಿ ‘ಶೆಟ್ಟಿ’ ಅಂತಿದ್ದರೆ ಅದರಿಂದ ಕಿಣ್ವದ ಸುದ್ದಿ ತಿಳಿಯೋದಿಲ್ಲ. ಜಾತಿ ಕೇಳಿದರೆ ಕೆಲವರಿಗೆ ಮುಜುಗರ, ಕೆಲವರು ಹೇಳೋದೇ ಇಲ್ಲ. ಬೇರೆ ಸಮುದಾಯದವರಲ್ಲೂ ಈ ಕೊರತೆ ಇರೋದುಂಟು. ಹಾಗಾಗಿ ವೈದ್ಯರು ಕೇಳಲಿ, ಬಿಡಲಿ, ಒಂದು ಮಾತು ನೀವೇ ಹೇಳಿ: ‘ನಮ್ಮ ಮನೇಲಿ ಇಂಥವರಿಗೆ ಆಪರೇಷನ್ ಆದ ಮೇಲೆ ಉಸಿರು ಬರೋಕೆ ತಡ ಆಗಿತ್ತು, ವೆಂಟಿಲೇಟರಿನಲ್ಲಿ ಇಟ್ಟಿದ್ದರು.’ ಆಗ ಕಿಣ್ವದ ಪರೀಕ್ಷೆ ಮಾಡಿಸಬಹುದು, ಬೇರೆ ಔಷಧವನ್ನೂ ಬಳಸಬಹುದು.

ಒಬ್ಬರಿಗೆ ಕೊರತೆ ಇದೆ ಅಂತ ಗೊತ್ತಾದರೆ ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಿ; ಪ್ರತಿಯೊಬ್ಬರಿಗೂ ಕನಿಷ್ಠ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇದೆ. ವರದಿಯನ್ನು ಆಧಾರ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.