ಬರ್ಮಾ ಕ್ಯಾಂಪಿನ ನೆನಪು

ವಿಶಾಖಪಟ್ಟಣದಲ್ಲಿ ನೆಲೆಸಿದ ನಮಗೆ 'ಬರ್ಮಾ ಕ್ಯಾಂಪ್' ಎಂಬ ಬಡಾವಣೆಯ ಹೆಸರು ಹೊಸದಲ್ಲ. ಆದರೆ ಆ ಹೆಸರು ಏಕೆ ಬಂತೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ?

ಬ್ರಿಟಿಷರ ಕಾಲದಲ್ಲಿ ಈ ಕರಾವಳಿಯ ತೆಲುಗರು ಹಡಗು ಹತ್ತಿ ರಂಗೂನಿಗೆ ಹೋಗಿ ಅಕ್ಕಿಯ ಗಿರಣಿಗಳಲ್ಲೂ ಬಂದರಿನಲ್ಲೂ ದುಡಿದರು. ಕಾಕಿನಾಡದ ಬಳಿಯ ಕೋರಂಗಿ ರೇವಿನಿಂದಾಗಿ ಅಲ್ಲಿ ಅವರಿಗೆ 'ಕೋರಂಗಿ'ಗಳೆಂದೇ ಹೆಸರಾಯಿತು. 1962ರಲ್ಲಿ ಜನರಲ್ ನೆ ವಿನ್ ಅಧಿಕಾರ ಹಿಡಿದನು. 1964ರಲ್ಲಿ ಅಂಗಡಿಗಳು ಸರ್ಕಾರದ ವಶವಾದುವು. ಅದೇ ಮೇ ತಿಂಗಳಲ್ಲಿ 50 ಮತ್ತು 100 ಕ್ಯಾಟ್‌ಗಳ ನೋಟುಗಳು ರದ್ದಾದುವು. ಅಲ್ಲಿನ ಪೌರತ್ವವಿಲ್ಲದ ಭಾರತೀಯರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ, ಗಳಿಸಿದ್ದನ್ನು ಬಿಟ್ಟು ಮರಳಿದರು.

ಅದೇ ವರ್ಷದ ಅಕ್ಟೋಬರಿನಲ್ಲಿ ಶಾಸ್ತ್ರಿ–ಸಿರಿಮಾವೋ ಒಪ್ಪಂದವಾಯಿತು. ಸಿಲೋನಿನ 1948ರ ಪೌರತ್ವ ಕಾಯಿದೆಯಿಂದಾಗಿ ಯಾವ ದೇಶಕ್ಕೂ ಸೇರದೆ ಉಳಿದಿದ್ದ ಸುಮಾರು 9,75,000 ಭಾರತ ಮೂಲದವರಲ್ಲಿ 5,25,000 ಜನರನ್ನು ಭಾರತವೂ 3,00,000 ಜನರನ್ನು ಸಿಲೋನೂ ಒಪ್ಪಿಕೊಂಡವು. ಉಳಿದ 1,50,000 ಜನರನ್ನು 1974ರಲ್ಲಿ ಸಮಪಾಲು ಮಾಡಿಕೊಂಡವು.

ದೇಶವಿಲ್ಲದವನಿಗೆ ಬ್ಯಾಂಕು ಸಾಲ ಕೊಡದು. ತೋಟದ ಕಂಗಾಣಿಯ ಮುಂಗಡವೇ ಗತಿ. ಪೌರತ್ವದ ಕಾಗದ ಕೈಗೆ ಬಂದರೂ ಅಡವಿಡಲು ನೆಲವಿಲ್ಲ, ಜಾಮೀನಿಗೆ ನಿಲ್ಲುವವರಿಲ್ಲ. ಆದ್ದರಿಂದಲೇ 1969ರಲ್ಲಿ ಮದರಾಸಿನಲ್ಲಿ ಬರ್ಮಾ ಮತ್ತು ಸಿಲೋನಿನಿಂದ ಮರಳಿದವರಿಗಾಗಿ ರೆಪ್ಕೊ ಸಹಕಾರಿ ಬ್ಯಾಂಕು ಹುಟ್ಟಿತು. ನಿರಾಶ್ರಿತರಿಗೆಂದು ಆರಂಭವಾದ ಆ ಸಂಸ್ಥೆ ಮುಂದೆ ಸಾರ್ವಜನಿಕರ ಠೇವಣಿಯನ್ನೂ ಪಡೆಯಿತು, ಅವರಿಗೂ ಸಾಲ ಕೊಟ್ಟಿತು. 2000ದಲ್ಲಿ ಗೃಹಸಾಲದ ಕಂಪೆನಿಯೊಂದನ್ನೂ ಕಟ್ಟಿತು. ಕನ್ನಡನಾಡಿನಲ್ಲಿಯೂ ಸುಳ್ಯ, ಪುತ್ತೂರುಗಳ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ಸಿಲೋನಿನಿಂದ ಬಂದವರಿಗೆ ಕೆಲಸ ದೊರೆಯಿತು. ಅವರಿಂದ ಆ ತೋಟಗಳೂ ಬೆಳೆದವು.

ಹಾಗೆಂದು ಕಾಗದ ಸಿಕ್ಕವರೆಲ್ಲ ಉದ್ಧಾರವಾದರೆನ್ನಲಾಗದು. ಕೊಡೈಕೆನಾಲ್ ಬೆಟ್ಟಗಳಲ್ಲಿ ಕೆಲವರು ಜೀತಕ್ಕೆ ಸಿಕ್ಕಿಬಿದ್ದರು. ಕಾಗದದ ಹಿಂದೆ ಕೆಲಸವೂ ಸಾಲವೂ ಬಂದಲ್ಲಿ ಮಾತ್ರ ಸಂಸಾರಗಳು ನಿಂತವು.

ವಿಜಯವಾಡ, ವಿಶಾಖಪಟ್ಟಣಗಳಿಗೆ ಹೊಟ್ಟೆಪಾಡಿಗೆ ಬಂದ ನಾವೂ ರೇಷನ್ ಕಾರ್ಡಿಗಾಗಿ ಅಲೆದವರೇ, ಮನೆ ಬಾಡಿಗೆಗೆ ಪರಿಚಯಸ್ಥರ ಮಾತು ಬೇಡಿದವರೇ. ಆದರೂ ನಮಗೆ ದೇಶವೊಂದಿತ್ತು. ಅದೂ ಇಲ್ಲದೆ ಬಂದವರು ಈ ಊರಿನಲ್ಲಿ ಬೇರೂರಿದ್ದನ್ನು ನಮ್ಮ ಮಕ್ಕಳಿಗೆ ಹೇಳೋಣ. ನಾಳೆ ನಮ್ಮ ಬಾಗಿಲಿಗೆ ಬರುವ ಹೊಸಬನನ್ನು 'ನಿನ್ನ ಕಾಗದವೆಲ್ಲಿ?' ಎನ್ನುವ ಮೊದಲು 'ಊಟವಾಯಿತೆ?' ಎಂದು ಕೇಳೋಣ.