ಇಲಿಯ ನಿದ್ದೆ, ಇಲಿಯ ಎಚ್ಚರ

ಪಿ.ಎನ್. ಕೃಷ್ಣಮೂರ್ತಿಯವರು ಮೈಸೂರಿನ ದಿವಾನಗಿರಿ ನಡೆಸಿದ್ದು 1901ರಿಂದ 1906ರವರೆಗೆ. ನಗರದ ಕೃಷ್ಣಮೂರ್ತಿಪುರಂ ಬಡಾವಣೆ ಹೊತ್ತಿರುವುದು ಅವರ ಹೆಸರನ್ನೇ. ಅದು ಪ್ಲೇಗಿನ ಕಾಲ. ಅಟ್ಟದಿಂದ ಸತ್ತ ಇಲಿಯೊಂದು ಉದುರಿದರೆ ಸಾಕು, 'ಇಲಿ ಬಿತ್ತು' ಎಂದು ಮನೆಮಂದಿಯೆಲ್ಲ ಪಾತ್ರೆಪಡಗ ಕಟ್ಟಿಕೊಂಡು ಊರಾಚೆಯ ಗುಡಿಸಲಿಗೆ ಹೊರಡುತ್ತಿದ್ದರು. 1903ರಲ್ಲಿ ನಗರ ಸುಧಾರಣೆಗೆಂದೇ ಟ್ರಸ್ಟ್ ಬೋರ್ಡು ನೇಮಕವಾಯಿತು. ಇಲಿಗೂ ನೋವಿದೆಯೆಂದು ಯೋಚಿಸುವ ವ್ಯವಧಾನ ಆಗ ಯಾರಿಗಿತ್ತು?

ಪ್ರಾಣಿಗಳಿಗೆ ಅರಿವಳಿಕೆ ಕೊಡುವುದು ಮಾತ್ರ ಅದಕ್ಕೂ ಮೊದಲೇ ನೆರೆಯ ಹೈದರಾಬಾದಿನಲ್ಲಿ ಭರದಿಂದ ನಡೆದಿತ್ತು. ಕಲಬುರಗಿ, ರಾಯಚೂರು, ಬೀದರಿನ ಕನ್ನಡಿಗರು ನಿಜಾಮರ ಪ್ರಜೆಗಳಾಗಿದ್ದ ದಿನಗಳವು. ಅಲ್ಲಿನ ಸರ್ಜನ್ ಎಡ್ವರ್ಡ್ ಲಾರಿ, ಕ್ಲೋರೋಫಾರ್ಮ್ ಕೊಡುವಾಗ ನಾಡಿಯನ್ನಲ್ಲ, ಉಸಿರನ್ನು ನೋಡಬೇಕೆಂದು ಗುರು ಜೇಮ್ಸ್ ಸೈಮ್ ಹೇಳಿಕೊಟ್ಟ ಪಾಠವನ್ನು ವ್ರತದಂತೆ ಹಿಡಿದವರು. ಅದನ್ನು ಸಾಧಿಸಿ ತೋರಿಸಲು 1888ರಲ್ಲಿ ಆಯೋಗವೊಂದು ಕೂತು ಬೀದಿನಾಯಿಗಳ ಮೇಲೆ ಪರೀಕ್ಷೆ ನಡೆಸಿತು. ಲಂಡನ್ನಿನ ವೈದ್ಯಪತ್ರಿಕೆ 'ಲ್ಯಾನ್ಸೆಟ್' ಒಪ್ಪಲಿಲ್ಲ. ನಿಜಾಮ್ ಮಹಬೂಬ್ ಅಲಿ ಖಾನ್ 1,000 ಪೌಂಡು ಕಳಿಸಿ, ನಿಮ್ಮವರೇ ಬಂದು ನೋಡಲಿ ಎಂದರು. 1889ರಲ್ಲಿ ಪತ್ರಿಕೆಯ ಪರವಾಗಿ ಲಾಡರ್ ಬ್ರಂಟನ್ ಹಡಗು ಹತ್ತಿ ಬಂದರು. ನಾಯಿ, ಕೋತಿಗಳೆಲ್ಲ ಸೇರಿ 400ಕ್ಕೂ ಹೆಚ್ಚು ಪ್ರಾಣಿಗಳು ಆ ಔಷಧದ ಹಬೆ ಕುಡಿದವು. ಮೊದಲು ನಿಲ್ಲುವುದು ಉಸಿರು, ಹೃದಯವಲ್ಲ ಎಂದು ಈ ಎರಡನೇ ಆಯೋಗವೂ ಸಾರಿತು. 1911ರಲ್ಲಿ ಎ.ಜಿ. ಲೆವಿ ಬೆಕ್ಕುಗಳಲ್ಲಿ ಬೇರೆಯದನ್ನೇ ಕಂಡರು: ಅರಿವಳಿಕೆ ಹಗುರವಾಗಿದ್ದಾಗಲೇ ಹೃದಯ ಅದುರಿ ನಿಂತುಬಿಡಬಲ್ಲದು. ಅಷ್ಟು ಜೀವ ತೆತ್ತು ಪಡೆದ ತೀರ್ಮಾನ ಪೂರ್ತಿ ಸರಿಯಾಗಿಯೂ ಇರಲಿಲ್ಲ.

ಇಂಗ್ಲೆಂಡಿನಲ್ಲಿ 1876ರಿಂದಲೇ ಇಂಥ ಪ್ರಯೋಗಗಳಿಗೆ ಕಾಯ್ದೆಯ ಲಗಾಮಿತ್ತು. ಅದರಲ್ಲಿ ನನಗೆ ಹಿಡಿಸಿದ್ದು ಕುರಾರೆಯ ಮಾತು. ಈ ವಿಷ ಪ್ರಾಣಿಯ ಕೈಕಾಲು ಕಟ್ಟಿಹಾಕುತ್ತದೆ, ಅರಿವನ್ನು ಅಳಿಸುವುದಿಲ್ಲ. ಇದನ್ನು ಅರಿವಳಿಕೆಯೆಂದು ಲೆಕ್ಕಕ್ಕೆ ಹಿಡಿಯಕೂಡದೆಂದು ಆ ಕಾಯ್ದೆ ಬಾಯಿಬಿಟ್ಟು ಹೇಳಿತು. ಆದರೆ ಆ ಕಾಯ್ದೆ ಸಮುದ್ರ ದಾಟಿ ಇಲ್ಲಿಗೆ ಬರಲಿಲ್ಲ.

ಕಾಯ್ದೆ ಬರದಿದ್ದರೂ ವೈದ್ಯವಿದ್ಯೆ ಬಂತು: ಮೆಡಿಕಲ್ ಕಾಲೇಜು 1930ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಬಂತು. (ವಿಜ್ಞಾನ ಓದಿದ ಹಳೆಯ ತಲೆಮಾರಿನವರಿಗೆ ಕ್ಲೋರೋಫಾರ್ಮ್ ಎಂದರೆ ಇಂದಿಗೂ ಗಾಜಿನ ಜಾಡಿ, ಹತ್ತಿಯುಂಡೆ, ಒಳಗೊಂದು ಕಪ್ಪೆ.)

ನಮ್ಮಲ್ಲಿ ಪ್ರಾಣಿಗಳ ನೋವಿನ ಮಾತನ್ನು ಪಾರ್ಲಿಮೆಂಟಿಗೆ ಒಯ್ದವರು ವೈದ್ಯರಲ್ಲ, ನರ್ತಕಿ. 1952ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡ ರುಕ್ಮಿಣಿ ದೇವಿ ಅರುಂಡೇಲ್ ಖಾಸಗಿ ಮಸೂದೆ ತಂದರು. ಸರ್ಕಾರವೇ ಕಾಯ್ದೆ ತರುವುದಾಗಿ ನೆಹರೂ ಭರವಸೆಯಿತ್ತ ಮೇಲೆ ಹಿಂತೆಗೆದುಕೊಂಡರು. ಕೊಟ್ಟ ಮಾತು ಕಾಯ್ದೆಯಾಗಿ ಈಡೇರಿದ್ದು 1960ರಲ್ಲಿ. ಆ ಕಾಯ್ದೆಯ 17ನೇ ಸೆಕ್ಷನ್ನಿನ ಪ್ರಕಾರ ಪ್ರಯೋಗದ ಶಸ್ತ್ರಕ್ರಿಯೆ ಸಾಧ್ಯವಾದಷ್ಟೂ ನೋವು ತಿಳಿಯದಂಥ ಅರಿವಳಿಕೆಯಲ್ಲೇ ನಡೆಯಬೇಕು. ಎದ್ದರೆ ಘೋರ ಯಾತನೆಯೇ ಗತಿ ಎನ್ನುವಷ್ಟು ಗಾಯಗೊಂಡ ಪ್ರಾಣಿಯನ್ನು ಸಾಮಾನ್ಯವಾಗಿ ಎಚ್ಚರವಾಗುವ ಮೊದಲೇ ಕೊನೆಗಾಣಿಸಬೇಕು. ಹೊಲಿಗೆ ಹಾಕಿದ ಮೇಲಿನ ರಾತ್ರಿಯ ಬಗ್ಗೆ ಮಾತ್ರ ಆ ಸಾಲುಗಳು ಮೌನ. ನಿದ್ದೆ ಬರಿಸುವುದು ಬೇರೆ, ನೋವು ನೀಗಿಸುವುದು ಬೇರೆ ಎಂಬುದು ಪ್ರಯೋಗಾಲಯಗಳಲ್ಲಿ ಬೇರೂರಿದ್ದು ತಡವಾಗಿ.

ಕೃಷ್ಣಮೂರ್ತಿಪುರಂನಲ್ಲಿ ಶಾರದಾ ವಿಲಾಸದ ಫಾರ್ಮಸಿ ಕಾಲೇಜಿದೆ; ಔಷಧಶಾಸ್ತ್ರ ಕಲಿಯುವ ಹುಡುಗ ಹುಡುಗಿಯರು ಇದೇ ರಸ್ತೆಗಳಲ್ಲಿ ಓಡಾಡುತ್ತಾರೆ. ಅವರ ವಿದ್ಯೆಯಲ್ಲಿ ಇಲಿಗೆ ಬಂದಿರುವ ಮರ್ಯಾದೆ ಪ್ಲೇಗಿನ ಕಾಲದವರಿಗೆ ಸೋಜಿಗವೆನಿಸೀತು. ಕೆಟಮಿನ್, ಕ್ಸೈಲಜಿನ್ ಚುಚ್ಚಿದ ಇಲಿ ಕಣ್ಣು ತೆರೆದೇ ಮಲಗುತ್ತದೆ. ಕಣ್ಣು ಒಣಗದಂತೆ ಮುಲಾಮು ಸವರಬೇಕು. ಪಾದ ಚಿವುಟಿದಾಗ ಕಾಲೆಳೆದುಕೊಂಡರೆ ಚಾಕು ಮುಟ್ಟುವಂತಿಲ್ಲ. ಪುಟ್ಟ ಮೈ ಬೇಗ ತಣ್ಣಗಾಗುವುದರಿಂದ ಕೆಳಗೆ ಕಾವು ಇಡಬೇಕು. ಎಚ್ಚರವಾಗುವ ಮುಂಚೆಯೇ ಮೆಲಾಕ್ಸಿಕಾಮ್‌ನಂಥ ನೋವಿನ ಮದ್ದು ಒಳಗೆ ಹೋಗಿರಬೇಕು. ಆಮೇಲೆ ಕಾಯುವ ಕೆಲಸ. ಬೆನ್ನು ಗೂನಾಗಿ, ಕಣ್ಣು ಅರೆಮುಚ್ಚಿ, ಕಣ್ಣಂಚಿನಲ್ಲಿ ಕೆಂಗಂದು ಕಲೆ ಮೂಡಿದರೆ ಅದು ನರಳುತ್ತಿರಬಹುದು. ಮುಂಗಾಲು ನೆಕ್ಕಿ ಮೀಸೆಯಿಂದ ಕಿವಿಯವರೆಗೆ ಮುಖ ಒರೆಸಿಕೊಳ್ಳತೊಡಗಿದರೆ, ಕಾವಲಿದ್ದವರು ಗಡಿಯಾರ ನೋಡಿ ರಿಜಿಸ್ಟರಿನಲ್ಲಿ ಹೊತ್ತು ಬರೆದಿಡುತ್ತಾರೆ.